ಪೀರಲ ಹಬ್ಬಕ್ಕೆ ಯಾವ ಲೆನ್ಸ್?

ಮುದಗಲ್ಲಿನ ಮೊಹರಂ ನೋಡಲು ಹೊರಟ ಹುಡುಗರು 'ಯಾವ ಲೆನ್ಸ್ ಒಯ್ಯಲಿ ಸರ್?' ಎಂದು ಕೇಳುವಾಗ ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ದೊಡ್ಡದು, ಉದ್ದದ್ದು, ಬಿಳಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಕೊರಳಿಗೆ 70–200 ಜೋತುಬಿದ್ದಿದ್ದರೆ ಪೊಲೀಸರೂ ದಾರಿ ಬಿಡುತ್ತಾರೆ ಎಂಬ ನಂಬಿಕೆ ಬೇರೆ. ದಾರಿ ಬಿಡುವುದೇನೋ ನಿಜ. ಆದರೆ ಬಿಟ್ಟ ಮೇಲೆ ನಿಲ್ಲಲು ಸಿಗುವ ಜಾಗದಿಂದ ಆ ಲೆನ್ಸಿನಲ್ಲಿ ಕಾಣುವುದು ಒಬ್ಬನ ಕಿವಿ, ಇನ್ನೊಬ್ಬನ ರುಮಾಲು, ಮೂರನೆಯವನು ಎತ್ತಿ ಹಿಡಿದ ಮೊಬೈಲು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ. ಈ ದಾರಿಯಲ್ಲಿ ವರ್ಷವಿಡೀ ಜಾತ್ರೆಗಳಿಗೆ ಬರವಿಲ್ಲ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠದಲ್ಲಿ ಬನದ ಹುಣ್ಣಿಮೆಗೆ ಅಂಬಾದೇವಿಯ ತೇರು. ಮಸ್ಕಿಯಲ್ಲಿ ಬೆಟ್ಟದ ಮಲ್ಲಿಕಾರ್ಜುನನ ತೇರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿರುವ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ದಸರೆಯ ಹೊತ್ತಿಗೆ ದುರ್ಗಾಪೂಜೆ. ಲಿಂಗಸುಗೂರಿನಿಂದ ನೈಋತ್ಯಕ್ಕೆ ಹೊರಳಿದರೆ ಅರ್ಧ ತಾಸಿನ ದಾರಿಗೆ ಮುದಗಲ್ ಕೋಟೆ, ಹುಸೇನಿ ಆಲಂ, ಪೀರಲ ಹಬ್ಬವೆಂದು ಜನ ಕರೆಯುವ ಮೊಹರಂ. ಕರ್ನಾಟಕದಿಂದಷ್ಟೇ ಅಲ್ಲ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಮಂದಿ ಬರುತ್ತಾರೆ. ಜಾತಿ ಧರ್ಮ ಕೇಳದೆ ಮಕ್ಕಳನ್ನು ಫಕೀರರನ್ನಾಗಿ ಮಾಡಿ ಕೊರಳಿಗೆ ಲಾಡಿ ಹಾಕಿಸುತ್ತಾರೆ. ಪರವೂರಿನಿಂದ ಕ್ಯಾಮೆರಾ ಹಿಡಿದು ಬರುವವನಿಗೆ ಈ ಸೀಮೆಯಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಲೆನ್ಸಿನ ಮಾತಾಡೋಣ.

ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆಯನ್ನು ಬಹಳ ಮಂದಿ 'ಎಷ್ಟು ಹತ್ತಿರ ಎಳೆಯುತ್ತದೆ' ಎಂದೇ ಓದುತ್ತಾರೆ. ಗದ್ದಲದಲ್ಲಿ ಅದನ್ನು 'ಎಷ್ಟು ಹಿಂದೆ ನಿಲ್ಲಬೇಕು' ಎಂದು ಓದಿಕೊಳ್ಳುವುದು ಮೇಲು. ಲೆಕ್ಕ ಬಹಳ ಸರಳ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸಣ್ಣ ಸೆನ್ಸರಿನ, ಅಂದರೆ ಕ್ರಾಪ್ ಕ್ಯಾಮೆರಾ. ಆ ಸೆನ್ಸರಿನ ಉದ್ದ ಹತ್ತಿರ ಹತ್ತಿರ 24 ಮಿಲಿಮೀಟರ್. ಹೀಗಾಗಿ ಕ್ಯಾಮೆರಾ ಲಂಬವಾಗಿ ಹಿಡಿದು 24 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ, ಎದುರಿನ ವಸ್ತು ಎಷ್ಟೆತ್ತರವೋ ಅಷ್ಟೇ ದೂರದಲ್ಲಿ ನಿಂತಾಗ ಅದು ಪೂರ್ತಿ ಹಿಡಿಯುತ್ತದೆ. ಮಿಲಿಮೀಟರ್ ದುಪ್ಪಟ್ಟಾದರೆ ದೂರವೂ ದುಪ್ಪಟ್ಟು. ಫುಲ್ ಫ್ರೇಮ್ ಇದ್ದವರು 24ರ ಬದಲು 35 ಎಂದು ಇಟ್ಟುಕೊಂಡರೆ ಸಾಕು.

ಈಗ ಇದನ್ನು ಮುದಗಲ್ಲಿನ ಓಣಿಗೆ ತನ್ನಿ. ದೇವರು ಹಿಡಿದವನು ಐದೂವರೆ ಅಡಿಯ ಆಳು. ಅವನ ತಲೆಯ ಮೇಲೆ ಹೂವು, ಬಣ್ಣದ ಬಟ್ಟೆ ಹೊತ್ತ ಆಲಂ, ಅಂದರೆ ತುದಿಗೆ ಪಂಜಾ ಸಿಕ್ಕಿಸಿದ ದೇವರ ಕೋಲು. ಎಲ್ಲ ಸೇರಿ ಹತ್ತು ಅಡಿ ಎನ್ನಿ. 18 ಮಿ.ಮೀ.ನಲ್ಲಿ ಎಂಟು ಅಡಿ ದೂರ ಇದ್ದರೆ ಕಾಲಿನಿಂದ ಪಂಜಾದ ತುದಿಯವರೆಗೂ ಬರುತ್ತದೆ. 35ರಲ್ಲಿ ಹದಿನೈದು ಅಡಿ ಬೇಕು. 50ರಲ್ಲಿ ಇಪ್ಪತ್ತೊಂದು. 200ರಲ್ಲಿ ಎಂಬತ್ತು ದಾಟುತ್ತದೆ. ಕತ್ತಲ ರಾತ್ರಿಯಲ್ಲಿ ನಿಮಗೂ ಆಲಂಗೂ ನಡುವೆ ಇಪ್ಪತ್ತೊಂದು ಅಡಿ ಖಾಲಿ ನೆಲ ಯಾರು ಬಿಟ್ಟುಕೊಡುತ್ತಾರೆ? ಎಂಟು ಅಡಿಯೇ ಪುಣ್ಯ. ಅಷ್ಟರೊಳಗೂ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ನುಗ್ಗಿ ಸಕ್ಕರೆ ಓದಿಸಿಕೊಂಡು ಹೋಗಿರುತ್ತಾಳೆ.

ಜನ ನಿಲ್ಲಿಸಿದ ಕಡೆ ನಿಲ್ಲಬೇಕಾದ ಹಬ್ಬವಿದು. ನಿಲ್ಲುವ ಜಾಗ ನಮ್ಮ ಕೈಯಲ್ಲಿಲ್ಲದಾಗ ಲೆನ್ಸ್ ಆ ಜಾಗಕ್ಕೆ ತಕ್ಕಂತಿರಬೇಕು. ಓಣಿಯ ಒಳಗೆ ಇರುವವನಿಗೆ 16ರಿಂದ 35ರವರೆಗಿನ ಗಾಜು ಸಾಕು, ಅದಕ್ಕಿಂತ ಉದ್ದದ್ದು ಭಾರ. ಮೊಬೈಲಿನ ಮುಖ್ಯ ಕ್ಯಾಮೆರಾ ಇಂಥ ಕಡೆ ಗೆಲ್ಲುವುದು ಇದೇ ಕಾರಣಕ್ಕೆ. ಹತ್ತು ಅಡಿಯ ಆಲಂ ಅದಕ್ಕೆ ಏಳು ಅಡಿಯಲ್ಲಿ ಹಿಡಿಯುತ್ತದೆ. ಅದನ್ನು ತಲೆಯ ಮೇಲೆ ಎತ್ತಿ ಹಿಡಿಯಲೂ ಬರುತ್ತದೆ. ಮೊಬೈಲಿನಲ್ಲೇ ತೆಗೆಯುವವರು ಅತಿ ಅಗಲದ ಎರಡನೇ ಲೆನ್ಸಿಗೆ ಮಾತ್ರ ಹೋಗಬೇಡಿ. ಹಗಲು ಪರವಾಗಿಲ್ಲ, ರಾತ್ರಿ ಅದರ ಪುಟ್ಟ ಸೆನ್ಸರಿಗೆ ಬೆಳಕು ಸಾಲದೆ ಮುಖಗಳೆಲ್ಲ ಕಲಸಿ ಹೋಗುತ್ತವೆ. ಅಂಚಿನಲ್ಲಿ ನಿಂತವರ ತಲೆ ಕುಂಬಳಕಾಯಿಯಂತೆ ಉದ್ದವಾಗುವುದು ಬೇರೆ.

ಇಷ್ಟು ದೂರದ ಲೆಕ್ಕ. ಬೆಳಕಿನ ಲೆಕ್ಕ ಇನ್ನೂ ಗಟ್ಟಿಯಾದದ್ದು.

ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ತೋಡಿದ ಅಲಾಯಿ ಕುಣಿಗೆ ಬೆಂಕಿ ಬೀಳುವುದು ರಾತ್ರಿ. ಸುತ್ತ ಹಲಗಿಯ ಸದ್ದು, ಹೆಜ್ಜೆ ಹಾಕುವವರ ಸುತ್ತು, ರಿವಾಯತ್ ಹಾಡುವವರ ದನಿ. ಬೆಳಕು ಕೆಳಗಿನಿಂದ ಬರುತ್ತದೆ, ಅದೂ ಏರಿಳಿಯುತ್ತ. ಕ್ಯಾಮೆರಾ ಜೊತೆಗೇ ಬರುವ 18–55 ಕಿಟ್ ಲೆನ್ಸ್ ತನ್ನ ಉದ್ದದ ತುದಿಯಲ್ಲಿ ಬಾಯಿ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಎಫ್ 1.8ರ, ಜೂಮ್ ಇಲ್ಲದ ಒಂದು ಸಣ್ಣ ಪ್ರೈಮ್ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಪ್ರೈಮಿನಲ್ಲಿ ಶಟರ್ 1/200 ಸೆಕೆಂಡ್ ಸಿಕ್ಕ ಕಡೆ ಕಿಟ್ ಲೆನ್ಸಿನಲ್ಲಿ 1/20. ಕುಣಿಯುವ ಕಾಲು 1/20ರಲ್ಲಿ ಹೊಗೆಯಾಗುತ್ತದೆ. ಐಎಸ್‌ಒ ಏರಿಸಿ ಸರಿದೂಗಿಸೋಣ ಎಂದರೆ 3200 ಸಾಕಾಗಿದ್ದಲ್ಲಿ 32,000 ಇಡಬೇಕು, ಆಗ ಚಿತ್ರದ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಾಳು.

ಇಲ್ಲಿ ಅಂಗಡಿಯವರು ಒಂದು ಮಾತು ತೇಲಿಸುತ್ತಾರೆ: 'ಈ ಲೆನ್ಸಿಗೆ ಸ್ಟೆಬಿಲೈಸೇಷನ್ ಇದೆ ಸರ್, ಕತ್ತಲಲ್ಲೂ ಕೈ ಅಲುಗಿದ್ದು ಕಾಣಲ್ಲ.' ಕೈ ಅಲುಗಿದ್ದು ಕಾಣುವುದಿಲ್ಲ ನಿಜ. ಕುಣಿಯುವವನು ಅಲುಗಿದ್ದು ಕಾಣುತ್ತದಲ್ಲ! ಆ ಸೌಲಭ್ಯ ನಿಂತ ಗುಡಿಗೆ, ನಿಂತ ಕೋಟೆಗೆ. ಅಲಾಯಿ ಕುಣಿತಕ್ಕೆ ಬೇಕಾದದ್ದು ದೊಡ್ಡ ಬಾಯಿಯ ಗಾಜು, ಅಷ್ಟೆ.

ಹಾಗಾಗಿ ನನ್ನ ಆಯ್ಕೆ ಕ್ರಾಪ್ ಕ್ಯಾಮೆರಾದ ಮೇಲೆ 35 ಮಿ.ಮೀ., ಎಫ್ 1.8. ನಿಕಾನ್ ಕಂಪನಿ ಇಂಥದ್ದೊಂದನ್ನು 2009ರಲ್ಲಿ ತಂದಿತು, ತೂಕ 200 ಗ್ರಾಂ. ಕ್ಯಾನನ್‌ನವರ 50 ಮಿ.ಮೀ., ಎಫ್ 1.8 ಇನ್ನೂ ಹಗುರ, 160 ಗ್ರಾಂ. ಫುಲ್ ಫ್ರೇಮಿನ ಮೇಲೆ ಅದು ಚೆನ್ನ. ಕ್ರಾಪ್ ಕ್ಯಾಮೆರಾಕ್ಕೆ ಹಾಕಿದರೆ ಓಣಿಗೆ ಸ್ವಲ್ಪ ಉದ್ದವಾಗುತ್ತದೆ, ಮುಖಗಳಿಗೆ ಮಾತ್ರ ಒಪ್ಪುತ್ತದೆ. ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸೋಂ ತನ್ನ ಲೈಕಾ ಕ್ಯಾಮೆರಾಕ್ಕೆ ಒಂದು 50 ಮಿ.ಮೀ. ಸಿಕ್ಕಿಸಿಕೊಂಡು ಬಾಳಿನ ಬಹುಪಾಲು ಕೆಲಸ ಮಾಡಿದ. ಕ್ರಾಪ್ ಮೇಲಿನ 35 ಹೆಚ್ಚೂಕಡಿಮೆ ಅದೇ ನೋಟ ಕೊಡುತ್ತದೆ. ಅವನ ಕಣ್ಣು ನಮಗೆ ಬರುವುದಿಲ್ಲ, ಗಾಜಾದರೂ ಬರಲಿ.

'ಆದರೆ 35ರಲ್ಲಿ ಇಡೀ ಆಲಂ ಹಿಡಿಯಲು ಹದಿನೈದು ಅಡಿ ಬೇಕು ಅಂದಿರಲ್ಲ?' ಎಂದು ಕೇಳಬಹುದು. ಬೇಕು. ಅದಕ್ಕೇ ಇಡೀ ಆಲಂ ಹಿಡಿಯುವ ಕೆಲಸವನ್ನು ಹಗಲಿಗೆ, ಕಿಟ್ ಲೆನ್ಸಿನ 18ಕ್ಕೆ ಬಿಡಿ. ರಾತ್ರಿ ತುಂಡು ತುಂಡಾಗಿ ನೋಡಿ. ಮುಜಾವರನ ಕೈಯಲ್ಲಿಯ ನವಿಲುಗರಿ ಒಬ್ಬ ಹುಡುಗಿಯ ನೆತ್ತಿಗೆ ತಾಗುವ ಕ್ಷಣ. ಊದಿನ ಹೊಗೆಯೊಳಗಿಂದ ಅರ್ಧ ಕಾಣುವ ಮುಖ. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿರುವ ಮುದುಕ, ಚರ್ಮ ಬಿಗಿಯಾಯಿತೇ ಎಂದು ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಡುವುದು. ಇವು ಐದಾರು ಅಡಿಯ ಚಿತ್ರಗಳು, 35ಕ್ಕೆ ಹೇಳಿ ಮಾಡಿಸಿದವು.

ಐದು ಅಡಿಯಲ್ಲಿ ಎಫ್ 1.8 ಇಟ್ಟರೆ ಸ್ಫುಟವಾಗಿ ಬರುವ ಆಳ ನಾಲ್ಕೈದು ಇಂಚು ಮಾತ್ರ. ಕಣ್ಣು ಸರಿಯಾಗಿ ಬಂದರೆ ಕಿವಿ ಮಸುಕು. ನಿಂತವರಿಗೆ ಇದು ಅಂದ, ಕುಣಿಯುವವರಿಗೆ ಕಂಟಕ. ಒಂದು ಹೆಜ್ಜೆ ಮುಂದಿಟ್ಟರೂ ಫೋಕಸ್ ತಪ್ಪುತ್ತದೆ. ಕುಣಿತಕ್ಕೆ ಎಫ್ 2.8ಕ್ಕೆ ಇಳಿಸಿ ಶಟರ್ 1/250ರ ಸುತ್ತ ಇಡುವುದು ಒಳ್ಳೆಯ ರಾಜಿ. ಊದಿನ ಹೊಗೆ ದಟ್ಟವಾದಾಗ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಆಗ ಪಂಜಾದ ಅಂಚಿಗೋ ಅಂಗಿಯ ಗುಂಡಿಗೋ, ಬೆಳಕು ನೆರಳು ಕೂಡುವ ಗೆರೆಗೆ ಗುರಿ ಇಡಬೇಕು.

ಬೀದಿಯ ಎಲ್‌ಇಡಿ ದೀಪಗಳ ಕಾಟ ಇನ್ನೊಂದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. 1/500ರಲ್ಲಿ ತೆಗೆದ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ. 1/100ಕ್ಕೆ ಇಳಿಸಿದರೆ ಪಟ್ಟೆ ಮಾಯ. ಮಿನುಗು ತಡೆಯುವ ಸೌಲಭ್ಯ ಈಚಿನ ಕೆಲವು ಕ್ಯಾಮೆರಾಗಳಲ್ಲಿದೆ, ಇದ್ದರೆ ಹಾಕಿಟ್ಟುಕೊಳ್ಳಿ. ಬೆಂಕಿಯ ಬೆಳಕಿಗೆ ಈ ರೋಗವಿಲ್ಲ. ಅದರ ಕೆಂಪು ಹಳದಿಯನ್ನು ಮಾತ್ರ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಕದ್ದು ಬೆಳ್ಳಗೆ ಮಾಡಿಬಿಡುತ್ತದೆ. ಅದನ್ನು ಬಿಸಿಲಿನ ಗುರುತಿಗೆ ಕಟ್ಟಿಹಾಕಿದರೆ ಬೆಂಕಿ ಬೆಂಕಿಯಾಗಿಯೇ ಉಳಿಯುತ್ತದೆ.

ಫ್ಲ್ಯಾಶ್ ಬೇಡ. ಬೆಂಕಿಯ ಬೆಳಕನ್ನು ಕೊಲ್ಲುತ್ತದೆ ಎಂಬುದೊಂದು. ದೇವರು ಮೈಮೇಲೆ ಬಂದವನ ಕಣ್ಣಿಗೆ ಅಷ್ಟು ಹತ್ತಿರದಿಂದ ಮಿಂಚು ಹೊಡೆಯುವುದು ಸಭ್ಯತೆಯಲ್ಲ ಎಂಬುದು ಇನ್ನೊಂದು. ಉದ್ದದ ಲೆನ್ಸಿನ ಬಗ್ಗೆಯೂ ನನಗೆ ಇಂಥದೇ ತಕರಾರಿದೆ. ಹರಕೆ ಹೊತ್ತು ಅಳುತ್ತ ನಿಂತ ಹೆಣ್ಣುಮಗಳನ್ನು ಎಂಬತ್ತು ಅಡಿ ದೂರದಿಂದ ಎಳೆದುಕೊಳ್ಳಬಹುದು, ಅವಳಿಗೆ ಗೊತ್ತೂ ಆಗುವುದಿಲ್ಲ. 35 ಹಿಡಿದು ಐದು ಅಡಿಯಲ್ಲಿ ನಿಂತವನನ್ನು ಅವಳು ನೋಡುತ್ತಾಳೆ, ಬೇಡವೆಂದರೆ ಸೆರಗು ಎಳೆದುಕೊಳ್ಳುತ್ತಾಳೆ. ಆ ಸೆರಗೆಳೆಯುವ ಅವಕಾಶ ಅವಳಿಗೆ ಇರಬೇಕು. ಒಪ್ಪದವರು ಒಪ್ಪದಿರಲಿ, ಪತ್ರಿಕೆಗಳಿಗೆ ತೆಗೆಯುವ ಗೆಳೆಯರು ಇದಕ್ಕೆ ನಗುತ್ತಾರೆಂಬುದೂ ಗೊತ್ತು.

ಹಾಗಾದರೆ ಉದ್ದದ ಲೆನ್ಸಿಗೆ ಕೆಲಸವೇ ಇಲ್ಲವೇ? ಇದೆ, ಮಾಳಿಗೆಯ ಮೇಲೆ. ಈ ಸೀಮೆಯ ಹಳೆಯ ಮನೆಗಳು ಚಪ್ಪಟೆ ಮಾಳಿಗೆಯವು. ಹಬ್ಬದ ದಿನ ಹೆಂಗಸರು ಮಕ್ಕಳು ಅಲ್ಲೇ ನೆರೆದಿರುತ್ತಾರೆ. ಬಾಗಿಲಲ್ಲಿ ನಿಂತು 'ಕಾಕಾ, ಒಂದೀಟು ಮ್ಯಾಲ ಹೋಗ್ಲೇನ್ರಿ?' ಎಂದು ಕೇಳಿದರೆ ಒಲ್ಲೆ ಎನ್ನುವವರು ಕಡಿಮೆ. 'ಹೋಗ್ರಿ, ಚಪ್ಲಿ ಕೆಳಗ ಬಿಡ್ರಿ, ಅಂಚಿನ್ಯಾಗ ನಿಂದರಬ್ಯಾಡ್ರಿ' ಎಂಬ ಎಚ್ಚರಿಕೆಯ ಹಿಂದೆಯೇ ಚೋಂಗ್ಯಾದ ತಟ್ಟೆಯೂ ಬಂದೀತು. ಎಚ್ಚರಿಕೆ ಕೇಳುವುದು ಒಳ್ಳೆಯದು. ಹಳೆ ಮಾಳಿಗೆಯ ಅಂಚು ಮಳೆ ನೆನೆದು ಸಡಿಲಾಗಿರುತ್ತದೆ, ಲೆನ್ಸಿನೊಳಗೆ ಕಣ್ಣಿಟ್ಟವನಿಗೆ ಕಾಲ ಕೆಳಗಿನ ನೆಲ ಕಾಣುವುದಿಲ್ಲ.

ಮಾಳಿಗೆಯಿಂದ 100–200 ಮಿ.ಮೀ.ನಲ್ಲಿ ನೋಡಿದಾಗ ಜನ ಒಬ್ಬರ ಮೇಲೊಬ್ಬರು ಒತ್ತಿ ನಿಂತಂತೆ, ಓಣಿಯ ತುಂಬ ಬರೀ ತಲೆ ಸುರಿದಂತೆ ಕಾಣುತ್ತದೆ. ಲೆನ್ಸ್ ದೂರವನ್ನು ಹಿಂಡುತ್ತದೆ ಎಂದು ಹೇಳುವುದು ವಾಡಿಕೆ. ಹಿಂಡುವುದು ಲೆನ್ಸಲ್ಲ, ನೀವು ನಿಂತ ದೂರ. ಓಣಿಯೊಳಗೆ ಮುಂದಿನ ಸಾಲು ನಿಮಗೆ ಐದು ಅಡಿ, ಹಿಂದಿನ ಸಾಲು ಇಪ್ಪತ್ತೈದು ಅಡಿ ದೂರ ಎನ್ನಿ. ಹಿಂದಿನವರು ಮುಂದಿನವರ ಐದನೇ ಒಂದು ಪಾಲಿನಷ್ಟು ಕಾಣುತ್ತಾರೆ. ಅದೇ ಸಾಲುಗಳನ್ನು ಮಾಳಿಗೆಯಿಂದ ನೋಡಿದರೆ ನೂರು ಅಡಿ ಮತ್ತು ನೂರಿಪ್ಪತ್ತು ಅಡಿ. ಎರಡೂ ಸಾಲು ಹೆಚ್ಚೂಕಡಿಮೆ ಒಂದೇ ಗಾತ್ರಕ್ಕೆ ಬಂದು ನಡುವಿನ ಖಾಲಿ ನೆಲ ಮುಚ್ಚಿಹೋಗುತ್ತದೆ. ಚುನಾವಣೆ ಸಭೆಯ ಚಿತ್ರಗಳಲ್ಲಿ ಅರ್ಧ ಖಾಲಿ ಇದ್ದ ಮೈದಾನ ಕಿಕ್ಕಿರಿದಂತೆ ಕಾಣುವುದರ ಗುಟ್ಟೂ ಇದೇ. ಅದೇ ಮೈದಾನವನ್ನು ವಿರೋಧ ಪಕ್ಷದವರು 18 ಮಿ.ಮೀ.ನಲ್ಲಿ ತೆಗೆದು ಖಾಲಿ ಕುರ್ಚಿ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ, ನಿಂತ ಜಾಗ ಬೇರೆ.

ಮುದಗಲ್ಲಿನ ಜನಸಾಗರಕ್ಕೆ ಇಂಥ ಉಪಕಾರ ಬೇಕಿಲ್ಲ. ಆದರೂ ಎರಡು ಆಲಂಗಳು ಎದುರಾಗಿ ಭೇಟಿಯಾಗುವ ಗಳಿಗೆಯನ್ನು ಮೇಲಿನಿಂದಷ್ಟೇ ಪೂರ್ತಿ ನೋಡಲು ಸಾಧ್ಯ. ಅದಕ್ಕಾಗಿ ಒಂದೂವರೆ ಕಿಲೋ ತೂಗುವ ಎಫ್ 2.8ರ 70–200 ಹೊತ್ತು ಬರಬೇಕಿಲ್ಲ. ಹಗಲಿನ ಬೆಳಕಿಗೆ 55–200 ಅಥವಾ 55–250ರ ಅಗ್ಗದ ಹಗುರ ಜೂಮ್ ಸಾಕು. ಬಸ್ಸಿನಲ್ಲಿ ನಿಂತುಕೊಂಡು ಪ್ರಯಾಣ ಮಾಡುವವರಿಗೆ ಈ ಒಂದು ಕಿಲೋ ವ್ಯತ್ಯಾಸ ಲಿಂಗಸುಗೂರು ಬರುವಷ್ಟರಲ್ಲಿ ಭುಜಕ್ಕೆ ಗೊತ್ತಾಗುತ್ತದೆ.

ಕೋಟೆಯೂರಿನ ಇನ್ನೊಂದು ಗಮ್ಮತ್ತು ಬಾಗಿಲುಗಳದ್ದು. ಕೋಟೆಯ ಬಾಗಿಲೊಳಗೆ ಕಾಲಿಟ್ಟರೆ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಂದುಗತ್ತಲು. ಮೆರವಣಿಗೆ ಬಾಗಿಲು ದಾಟುವಾಗ ಕ್ಯಾಮೆರಾ ಒಳಗಿನ ಕತ್ತಲೆಗೆ ಹೊಂದಿಕೊಂಡರೆ ಹೊರಗಿನ ಆಕಾಶ ಬಿಳಿ ಕಾಗದ. ಹೊರಗಿಗೆ ಹೊಂದಿಕೊಂಡರೆ ಜನ ಕಪ್ಪು ಗೊಂಬೆಗಳು. ನಾನು ಎರಡನೆಯದನ್ನೇ ಆರಿಸುತ್ತೇನೆ, ಕಮಾನಿನ ಚೌಕಟ್ಟಿನಲ್ಲಿ ಆಲಂನ ಆಕಾರ ಕಪ್ಪಾಗಿ ನಿಂತರೇ ಲಕ್ಷಣ. ಪಂಜಾಗಳ ಹೊಳಪಿಗೂ ಇದೇ ಮದ್ದು: ಎಕ್ಸ್‌ಪೋಶರ್ ಒಂದು ಹಂತ ಇಳಿಸಿ. ಮೈಗೆಲ್ಲ ಮಸಿ ಬಳಿದುಕೊಂಡು ಬರುವ ಅಳ್ಳೊಳ್ಳಿ ಬವ್ವಗಳಿಗೂ ಇಳಿಸಲೇಬೇಕು. ಕಪ್ಪು ಮೈ ಚೌಕಟ್ಟು ತುಂಬಿದಾಗ ಕ್ಯಾಮೆರಾ ಕತ್ತಲೆಯಾಯಿತೆಂದು ತಿಳಿದು ಮಸಿಯನ್ನು ಬೂದಿ ಮಾಡಿಬಿಡುತ್ತದೆ.

ಹಗಲಿನ ಓಣಿಗೆ ಹಳೆಯ ಕಾಲದ ಪತ್ರಿಕಾ ಛಾಯಾಗ್ರಾಹಕರ ಒಂದು ಉಪಾಯ ಇಂದಿಗೂ ನಡೆಯುತ್ತದೆ. ಕಿಟ್ ಲೆನ್ಸನ್ನು 18ಕ್ಕೆ ಇಟ್ಟು, ಅಪರ್ಚರ್ ಎಫ್ 8 ಮಾಡಿ, ಆರೂವರೆ ಅಡಿ ದೂರಕ್ಕೆ ಫೋಕಸ್ ಹಾಕಿ, ಆಟೋಫೋಕಸ್ ತೆಗೆದುಬಿಡಿ. ಮೂರೂವರೆ ಅಡಿಯಿಂದ ಕೋಟೆಯ ಬುರುಜಿನವರೆಗೆ ಎಲ್ಲವೂ ಸ್ಫುಟ. ಆಮೇಲೆ ಕ್ಯಾಮೆರಾ ಎದೆಯ ಹತ್ತಿರ ಹಿಡಿದರೂ ಆಯಿತು, ತಲೆಯ ಮೇಲೆ ಎತ್ತಿದರೂ ಆಯಿತು, ಗುಂಡಿ ಒತ್ತುವುದಷ್ಟೇ ಕೆಲಸ. ಹತ್ತು ಪಟ್ಟು ದುಬಾರಿ ಲೆನ್ಸಿನ ಆಟೋಫೋಕಸ್ ಕೂಡ ಇಷ್ಟು ಬೇಗ ಆಗುವುದಿಲ್ಲ. ನಮ್ಮ ಕಿಟ್ ಲೆನ್ಸನ್ನು ಎಲ್ಲರೂ ಬೈಯುತ್ತಾರೆ. ಹಗಲು ಹೊತ್ತಿನಲ್ಲಿ ಅದಕ್ಕೆ ಬೈಯುವವರ ಕೈ ಸೋತಿರುತ್ತದೆಯೇ ಹೊರತು ಲೆನ್ಸ್ ಸೋತಿರುವುದಿಲ್ಲ.

ಬೆಳಕಿನ ಮಾತಿಗೆ ಕ್ಯಾಲೆಂಡರಿನ ಮಾತೂ ಸೇರಬೇಕು. ಮೊಹರಂ ಚಂದ್ರಮಾನದ ಹಬ್ಬ, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹತ್ತನೆಯ ದಿನ 2022ರಲ್ಲಿ ಆಗಸ್ಟ್ 9ಕ್ಕೆ ಬಂದಿತ್ತು. 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಅಂದರೆ ಈಚಿನ ವರ್ಷಗಳ ಹಬ್ಬವೆಲ್ಲ ಮೋಡದ ಬೆಳಕಿನದು. ಮುಖಗಳಿಗೆ ಮೋಡ ಒಳ್ಳೆಯದು, ನೆರಳು ಮೆತ್ತಗಿರುತ್ತದೆ. ಆದರೆ ಜಿಟಿಜಿಟಿ ಮಳೆಗೆ ಕ್ಯಾಮೆರಾ ಮುಚ್ಚಲು ಪ್ಲಾಸ್ಟಿಕ್ ಚೀಲ ಬೇಕು, ಆ ಗದ್ದಲದಲ್ಲಿ ಛತ್ರಿ ಬಿಚ್ಚಿದರೆ ಬೈಗುಳ ಖಾತ್ರಿ. 2030ರ ಸುಮಾರಿಗೆ ಹಬ್ಬ ಮೇ ತಿಂಗಳ ನಡುವಿಗೆ ಬರುತ್ತದೆ. ಮುದಗಲ್ ಇರುವುದು 16 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಸೂರ್ಯ ಅಲ್ಲಿ ಮಧ್ಯಾಹ್ನಕ್ಕೆ ನೆತ್ತಿಯ ನೇರಕ್ಕೇ ಬರುತ್ತಾನೆ, ತಿಂಗಳ ನಡುವಿಗೂ ಹೆಚ್ಚೇನೂ ಸರಿದಿರುವುದಿಲ್ಲ. ಆ ಹೊತ್ತಿನಲ್ಲಿ ಎಂಥ ಲೆನ್ಸ್ ಹಾಕಿದರೂ ಕಣ್ಣಿನ ಗುಳಿಗಳು ಕಪ್ಪು ಕುಳಿಗಳೇ. ಬೆಳಗಿನ ಎಂಟರೊಳಗೆ, ಸಂಜೆ ಐದರ ಮೇಲೆ ತೆಗೆದು ನಡುವಿನ ಹೊತ್ತು ನೆರಳಿನಲ್ಲಿ ಕೂತು ಶರಬತ್ತು ಕುಡಿಯುವುದೇ ಸರಿ.

ತೇರಿನ ಜಾತ್ರೆಗಳ ಲೆಕ್ಕ ಸ್ವಲ್ಪ ಬೇರೆ. ಮಸ್ಕಿಯಲ್ಲಾಗಲಿ ಅಂಬಾಮಠದಲ್ಲಾಗಲಿ ಎತ್ತರವೇ ಮುಖ್ಯ ಸಮಸ್ಯೆ. ತೇರು ನಲವತ್ತು ಅಡಿ ಎಂದಿಟ್ಟುಕೊಂಡರೆ 18 ಮಿ.ಮೀ.ನಲ್ಲಿ ಮೂವತ್ತು ಅಡಿ ಹಿಂದೆ ಸರಿಯಬೇಕು, 50ರಲ್ಲಿ ಎಂಬತ್ತೈದು ಅಡಿ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಬಗ್ಗಿಸಿದರೆ ತೇರು ಹಿಂದಕ್ಕೆ ಬೀಳುತ್ತಿರುವಂತೆ ವಾಲುತ್ತದೆ, ಕಳಸ ಚಿಕ್ಕದಾಗುತ್ತದೆ. ಭಕ್ತರಿಗೆ ಅಂಥ ಚಿತ್ರ ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ. ಮಸ್ಕಿಗೆ ಬೆಟ್ಟದ ವರವಿದೆ. ನಾಲ್ಕು ಮೆಟ್ಟಿಲು ಏರಿ ಎತ್ತರ ಸಿಕ್ಕರೆ ಊರೂ ಜನರೂ ಒಟ್ಟಿಗೆ ಕಾಣುತ್ತಾರೆ, ಮಾಳಿಗೆಗೆ ಹೇಳಿದ ಅಗ್ಗದ ಜೂಮ್ ಅಲ್ಲೂ ಸಲ್ಲುತ್ತದೆ.

ತೇರಿನ ಬುಡದಲ್ಲಿ ನಿಂತು ಮಿಣಿ ಎಳೆಯುವವರ ಮುಖ ತೆಗೆಯುವವರಿಗೆ ಎರಡು ಮಾತು. ಒಂದು, ಗಾಲಿಯ ದಾರಿಯಲ್ಲಿ ಎಂದೂ ನಿಲ್ಲಬೇಡಿ. ಅಗಲದ ಲೆನ್ಸಿನಲ್ಲಿ ಗಾಲಿ ಇರುವುದಕ್ಕಿಂತ ದೂರ ಕಾಣುತ್ತದೆ, ಅದನ್ನು ನಂಬಿ ಹಿಂದೆ ಸರಿಯದೆ ಉಳಿಯುವುದು ಪ್ರಾಣಕ್ಕೆ ಕುತ್ತು. ಎರಡು, ಉತ್ತತ್ತಿ. ಸಾವಿರಾರು ಕೈಗಳು ತೇರಿಗೆ ಎಸೆಯುವ ಉತ್ತತ್ತಿ ಬಾಳೆಹಣ್ಣುಗಳಲ್ಲಿ ಒಂದು ಪಾಲು ಗುರಿ ತಪ್ಪಿ ನಿಮ್ಮ ಮೇಲೇ ಬೀಳುತ್ತದೆ. ಒಣ ಉತ್ತತ್ತಿ ಕಲ್ಲಿನಷ್ಟೇ ಗಟ್ಟಿ. ಲೆನ್ಸಿನ ಮುಂದಿನ ಹುಡ್ ಬಿಸಿಲಿಗೆಂದು ಮಾಡಿದ್ದು, ಇಲ್ಲಿ ಅದು ಶಿರಸ್ತ್ರಾಣ. ಗಾಜಿನ ಮೇಲೊಂದು ಸಾದಾ ಫಿಲ್ಟರ್ ಇದ್ದರೆ ಒಡೆಯುವುದು ಕೆಲವು ನೂರು ರೂಪಾಯಿ, ಇಲ್ಲದಿದ್ದರೆ ಕೆಲವು ಸಾವಿರ. ಬಾಳೆಹಣ್ಣಿನ ಅಂಟಿಗೆ ಒದ್ದೆ ಬಟ್ಟೆ.

ಮಸ್ಕಿಗೆ ಹೋದವರು ಅಶೋಕನ ಶಾಸನ ನೋಡದೆ ಬರುವುದಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಈ ಬಂಡೆಯಿಂದಲೇ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಅಕ್ಷರ ಮೂಡಬೇಕಾದರೆ ಲೆನ್ಸ್ ಯಾವುದೆಂಬುದು ಮುಖ್ಯವಲ್ಲ, ಬೆಳಕು ಪಕ್ಕದಿಂದ ಸವರಿಕೊಂಡು ಬೀಳಬೇಕು. ಎದುರಿನಿಂದ ಬಿದ್ದರೆ ಬಂಡೆ ಬರೀ ಬಂಡೆ.

ಸಿಂಧನೂರಿನ ಕ್ಯಾಂಪುಗಳ ದುರ್ಗಾಪೂಜೆಗೆ ಹೆಚ್ಚು ಹೇಳಬೇಕಿಲ್ಲ. ಮಂಟಪದೊಳಗೆ ದೀಪ ಸಾಕಷ್ಟಿರುತ್ತದೆ, ಜಾಗವೂ ಸಿಗುತ್ತದೆ. ರಾತ್ರಿಗೆಂದು ಇಟ್ಟುಕೊಂಡ 35 ಒಂದೇ ಸಾಕು.

ಲೆನ್ಸ್ ಬದಲಿಸುವುದು ಈ ಸೀಮೆಯಲ್ಲಿ ಧೈರ್ಯದ ಕೆಲಸ. ಎರೆ ಮಣ್ಣಿನ ಧೂಳು ಹಿಟ್ಟಿನಂತೆ ನುಣುಪು, ಗಾಳಿಯಲ್ಲಿ ತೇಲುತ್ತದೆ. ಕುಂಕುಮ ಭಂಡಾರ ಅದರ ಜೊತೆಗೆ. ಬದಲಿಸಲೇಬೇಕಾದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿದು ಬದಲಿಸಬೇಕು. ಎರಡು ಬಾಡಿ ಇದ್ದವರು ಪುಣ್ಯವಂತರು. ಇಲ್ಲದವರು ಹಗಲಿಗೆ ಒಂದು, ಕತ್ತಲಿಗೆ ಒಂದು ಎಂದು ನೇಮ ಹಾಕಿಕೊಂಡು ಸಂಜೆ ಒಮ್ಮೆ ಮಾತ್ರ ಬದಲಿಸಿದರೆ ಸಾಕು. ಎ.ಸಿ. ಕೋಣೆಯ ಲಾಡ್ಜಿನಲ್ಲಿ ಇಳಿದುಕೊಂಡಿದ್ದರೆ ಹೊರಡುವ ಅರ್ಧ ತಾಸು ಮೊದಲೇ ಕ್ಯಾಮೆರಾ ಚೀಲವನ್ನು ಮುಚ್ಚಿದಂತೆಯೇ ಹೊರಗಿಡಿ. ತಣ್ಣಗಿನ ಗಾಜು ಮಳೆಗಾಲದ ಗಾಳಿಗೆ ತಾಗಿದ ಕೂಡಲೇ ಬೆವರುತ್ತದೆ, ಒರೆಸಿದಷ್ಟೂ ಮತ್ತೆ ಮಂಜು.

ಇನ್ನು ದುಡ್ಡು. ಕಿಟ್ ಲೆನ್ಸ್ ಹೇಗೂ ಇರುತ್ತದೆ. ಅದರ ಮೇಲೆ ಒಂದು ಎಫ್ 1.8 ಪ್ರೈಮ್ ಕೊಂಡರೆ ಮುದಗಲ್ಲಿನ ಹಗಲೂ ರಾತ್ರಿಯೂ ಕೈಗೆ ಬರುತ್ತವೆ. ಮಾಳಿಗೆಯ ಜೂಮ್ ಅನ್ನು ಗೆಳೆಯರಿಂದ ಎರವಲು ತಂದರೂ ನಡೆದೀತು. ಹೊಸದಕ್ಕೆ ಹಣ ಸಾಲದವರು ಮದುವೆ ಫೋಟೋ ತೆಗೆಯುವ ಸ್ಟುಡಿಯೋಗಳಲ್ಲಿ ವಿಚಾರಿಸಬಹುದು. ಅವರು ದೊಡ್ಡ ಲೆನ್ಸಿಗೆ ಹೋದ ಮೇಲೆ ಇಂಥ ಪುಟ್ಟವು ಕಪಾಟಿನಲ್ಲಿ ಬಿದ್ದಿರುತ್ತವೆ. ಕೊಳ್ಳುವ ಮೊದಲು ಹಿಂದಿನ ಗಾಜಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ. ಧೂಳಿನ ನಾಲ್ಕು ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಕಾಲುವೆ ನೀರಿನ ಗದ್ದೆ ಸೀಮೆಯಲ್ಲಿ ವರ್ಷಗಟ್ಟಲೆ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಅದು ಬೇಗ ಹತ್ತುತ್ತದೆ. ತೆಗೆಸುವ ಖರ್ಚು ಲೆನ್ಸಿನ ಬೆಲೆಗೇ ಬರುವುದರಿಂದ ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡವೆನ್ನಿ.